ನಿಸರ್ಗದ ನಂಟನ್ನು ಅಳೆಯಲು ಯಾವ ಮಾಪಕ ಒಳ್ಳೆಯದು?

ನಿಸರ್ಗಕ್ಕೆ ನಾವೆಷ್ಟು ಹತ್ತಿರ ಎಂಬುದನ್ನು ಅಳೆಯಲು ಮನಶ್ಶಾಸ್ತ್ರಜ್ಞರು ರೂಪಿಸಿದ ಮಾಪಕಗಳಲ್ಲಿ ನಾಲ್ಕನ್ನು ನಾನೇ ತುಂಬಿ, ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿದ್ದೇನೆ. ಸಂಶೋಧನೆಗಳಲ್ಲಿ ಇವುಗಳ ಅಂಕಗಳು ಸಾಮಾನ್ಯವಾಗಿ ಒಟ್ಟಿಗೇ ಏರಿಳಿಯುತ್ತವೆ. ಆದರೂ ಪೆನ್ನು ಹಿಡಿದು ಕೂತಾಗ ಒಂದೊಂದೂ ಮನಸ್ಸಿನ ಒಂದೊಂದು ಮೂಲೆಯನ್ನು ತಟ್ಟುತ್ತದೆ.

ಎಲ್ಲಕ್ಕಿಂತ ಚಿಕ್ಕದು ವೆಸ್ಲಿ ಶುಲ್ಟ್ಸ್ ಅವರ ವೃತ್ತಗಳ ಮಾಪಕ. ಏಳು ಜೋಡಿ ವೃತ್ತಗಳಿರುತ್ತವೆ. ಒಂದು ವೃತ್ತ ‘ನಾನು’, ಇನ್ನೊಂದು ‘ನಿಸರ್ಗ’. ಮೊದಲ ಜೋಡಿಯಲ್ಲಿ ಅವು ಬೇರೆ ಬೇರೆ, ಕೊನೆಯದರಲ್ಲಿ ಹೆಚ್ಚುಕಡಿಮೆ ಒಂದೇ. ಮನಸ್ಸಿಗೆ ಒಪ್ಪುವ ಜೋಡಿಗೆ ಗುರುತು ಹಾಕಿದರೆ ಮುಗಿಯಿತು. ವ್ಯಕ್ತಿಗಳ ನಡುವಿನ ಆಪ್ತತೆಯನ್ನು ಅಳೆಯಲು ಆರ್ಥರ್ ಆರನ್ ಮತ್ತು ಸಂಗಡಿಗರು 1992ರಲ್ಲಿ ಬಳಸಿದ ಚಿತ್ರವೇ ಇದಕ್ಕೆ ಮೂಲ. ಮರಗಳ ನಡುವೆ ನಡೆದು ಬಂದ ಮೇಲೆ ಮತ್ತೆ ಗುರುತು ಹಾಕಿದರೆ ನನ್ನ ವೃತ್ತಗಳು ಇನ್ನಷ್ಟು ಹತ್ತಿರವಾಗಿರುತ್ತವೆ. ಆ ಕ್ಷಣದ ಭಾವವನ್ನು ಹಿಡಿಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಯಾಕೆ ಹತ್ತಿರವಾದವು ಎಂದು ಕೇಳಿದರೆ ಮಾತ್ರ ಚಿತ್ರದ ಬಳಿ ಉತ್ತರವಿಲ್ಲ.

2004ರಲ್ಲಿ ಮೇಯರ್ ಮತ್ತು ಫ್ರಾಂಟ್ಸ್ ಪ್ರಕಟಿಸಿದ ಕನೆಕ್ಟೆಡ್‌ನೆಸ್ ಟು ನೇಚರ್ ಸ್ಕೇಲ್ ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿತು. 14 ಹೇಳಿಕೆಗಳು, ಪ್ರತಿಯೊಂದನ್ನೂ ಎಷ್ಟು ಒಪ್ಪುತ್ತೇವೆ ಎಂಬುದಕ್ಕೆ 1ರಿಂದ 5ರವರೆಗೆ ಅಂಕ. ಕೆಲವು ಹೇಳಿಕೆಗಳು ತಿರುವುಮುರುವು, ಒಪ್ಪಿದಷ್ಟೂ ಒಟ್ಟು ಅಂಕ ಇಳಿಯುತ್ತದೆ: ನಿಸರ್ಗದ ಶ್ರೇಣಿಯಲ್ಲಿ ನಾನು ಮೇಲಿನವನು ಎಂಬರ್ಥದ್ದು ಒಂದು, ನನ್ನ ಕ್ಷೇಮಕ್ಕೂ ನಿಸರ್ಗದ ಕ್ಷೇಮಕ್ಕೂ ಸಂಬಂಧವಿಲ್ಲ ಎಂಬರ್ಥದ್ದು ಇನ್ನೊಂದು. ಕಣ್ಣುಮುಚ್ಚಿ ಎಲ್ಲದಕ್ಕೂ ‘ಹೌದು’ ಎನ್ನುವವರನ್ನು ಇವು ತಡೆದು ನಿಲ್ಲಿಸುತ್ತವೆ. ಆದರೆ ಇವಕ್ಕೆ ಉತ್ತರಿಸುವಾಗ ನಾನು ಭಾವಿಸುತ್ತಿರಲಿಲ್ಲ, ವಾದಿಸುತ್ತಿದ್ದೆ. ಇದು ಭಾವನಾತ್ಮಕ ನಂಟಿಗಿಂತ ನಂಬಿಕೆಗಳನ್ನು ಅಳೆಯುತ್ತದೆ ಎಂದು ಪೆರಿನ್ ಮತ್ತು ಬೆನಾಸಿ 2009ರಲ್ಲಿ ಎತ್ತಿದ ಆಕ್ಷೇಪ ನನಗೆ ಪೂರ್ತಿ ಒಪ್ಪಿಗೆ. ಪರಿಸರದ ಬಗ್ಗೆ ಚೆನ್ನಾಗಿ ಓದಿಕೊಂಡವರು ಹೊರಗೆ ಕಾಲಿಡದೆಯೂ ಇಲ್ಲಿ ಒಳ್ಳೆಯ ಅಂಕ ಪಡೆಯಬಹುದು.

ಅದೇ 2009ರಲ್ಲಿ ನಿಸ್ಬೆಟ್, ಝೆಲೆನ್‌ಸ್ಕಿ ಮತ್ತು ಮರ್ಫಿ ತಂದ ನೇಚರ್ ರಿಲೇಟೆಡ್‌ನೆಸ್ ಮಾಪಕದ 21 ಹೇಳಿಕೆಗಳು ಮೂರು ಗುಂಪುಗಳಲ್ಲಿವೆ: ನನ್ನತನದಲ್ಲಿ ನಿಸರ್ಗದ ಪಾಲು, ಮನುಷ್ಯರು ನಿಸರ್ಗವನ್ನು ಬಳಸುವ ಬಗೆಯ ಕುರಿತ ನಿಲುವು, ನೇರ ಅನುಭವ. ಈ ವಿಂಗಡಣೆಯೇ ಇದರ ದೊಡ್ಡ ಗುಣ. ಒಟ್ಟು ಅಂಕವನ್ನು ಮರೆತು ಮೂರನ್ನೂ ಬೇರೆ ಬೇರೆಯಾಗಿ ಓದಿದಾಗ, ನನ್ನ ನಿಲುವು ಎತ್ತರದಲ್ಲಿದ್ದು ಅನುಭವ ಕೆಳಗಿರುವುದು ಸ್ಪಷ್ಟವಾಗಿ ಕಂಡಿತು. ಬೇರೆ ಯಾವ ಮಾಪಕವೂ ನನಗೆ ಇದನ್ನು ತೋರಿಸಿರಲಿಲ್ಲ. ಅವಸರದವರಿಗೆ 2013ರ ಆರು ಹೇಳಿಕೆಗಳ ಕಿರುರೂಪವಿದೆ. ನಿಲುವಿನ ಗುಂಪು ಅದರಲ್ಲಿಲ್ಲ, ಅದು ಒಳ್ಳೆಯದೇ ಆಯಿತು. ನನಗೆ ಸರಿಕಾಣದ್ದು ಒಂದೇ. ರಜೆ ಕಳೆಯಲು ದೂರದ ಕಾಡೇ ಇಷ್ಟ ಎಂಬ ಹೇಳಿಕೆ ಎರಡರಲ್ಲೂ ಇದೆ. ಮನೆಯಂಗಳದ ಗಿಡಗಳನ್ನು ಪ್ರೀತಿಯಿಂದ ಬೆಳೆಸಿ, ಅಲ್ಲಿಗೆ ಬರುವ ಹಕ್ಕಿಗಳನ್ನೆಲ್ಲ ಬಲ್ಲವರು ಕಾಡಿಗೆ ಹೋಗಲು ಅಂಜಿದರೆ ಅವರ ನಂಟು ಕಡಿಮೆಯೇ? ಅವರ ಅಂಕ ಇಳಿಯುವುದು ನನಗೆ ಅನ್ಯಾಯವೆನಿಸುತ್ತದೆ.

ಮೈಲ್ಸ್ ರಿಚರ್ಡ್‌ಸನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ನೇಚರ್ ಕನೆಕ್ಷನ್ ಇಂಡೆಕ್ಸ್‌ನಲ್ಲೂ ಆರೇ ಹೇಳಿಕೆಗಳಿವೆ. ಸೌಂದರ್ಯ, ಗೌರವ, ಸಂತೋಷದಂಥ ಸರಳ ಸಂಗತಿಗಳಾದ್ದರಿಂದ ಮಕ್ಕಳೂ ದೊಡ್ಡವರೂ ಒಂದೇ ನಮೂನೆಯನ್ನು ತುಂಬಬಹುದು. ಆದರೆ ಎಲ್ಲ ಹೇಳಿಕೆಗಳೂ ಹಿತವಾದವು, ತಿರುವುಮುರುವು ಒಂದೂ ಇಲ್ಲ. ನನ್ನ ಅಂಕ ಪ್ರತಿ ಸಲವೂ ತುದಿಗೆ ಹೋಗಿ ನಿಂತಿತು, ಮುಂದಿನ ಬದಲಾವಣೆಗೆ ಜಾಗವೇ ಉಳಿಯಲಿಲ್ಲ. ದೊಡ್ಡ ಸಮೀಕ್ಷೆಗೆ ಇದು ಸರಿ; ಒಬ್ಬರು ತಮ್ಮನ್ನೇ ಅರಿಯಲು ಹೊರಟರೆ ಸಾಲದು.

ನಾನು ಉಳಿಸಿಕೊಂಡದ್ದು ಎರಡನ್ನು. ನಡಿಗೆಯ ಮುಂಚೆ ಮತ್ತು ಆಮೇಲೆ ವೃತ್ತಗಳು. ಋತು ಬದಲಾದಾಗ 21 ಹೇಳಿಕೆಗಳ ಮಾಪಕ, ಅದರಲ್ಲೂ ಅನುಭವದ ಗುಂಪಿನ ಅಂಕ.