ಕೈಗಾತ್ರದ ಗಾಳಿ ಸಾಂದ್ರತಾ ಮಾಪಕ: ಲೆಕ್ಕ ಚೊಕ್ಕ, ಕವಚ ಕಪ್ಪು

ತಾಪಮಾನ, ಒತ್ತಡ, ಆರ್ದ್ರತೆ ಅಳೆದು ಗಾಳಿಯ ಸಾಂದ್ರತೆ ಲೆಕ್ಕಹಾಕುವ, ಬಯಲಿನಲ್ಲಿ ಬಳಸಲೆಂದೇ ಮಾಡಿದ ಈ ಮಾಪಕಕ್ಕೆ ಕಪ್ಪು ಕವಚ ತೊಡಿಸಿದವರ ಮೇಲಿನ ನನ್ನ ಸಿಟ್ಟು ಇಷ್ಟು ವರ್ಷ ಬಳಸಿದ ಮೇಲೂ ಆರಿಲ್ಲ.

ಮಾದರಿ ವಿಮಾನ ಹಾರಿಸುವ ಮುನ್ನ ಇದನ್ನು ಬಿಸಿಲಿನ ಮೇಜಿನ ಮೇಲೆ ಸ್ವಲ್ಪ ಹೊತ್ತು ಬಿಟ್ಟರೆ ಸಾಕು, ನೆರಳಿನ ಉಷ್ಣಮಾಪಕಕ್ಕಿಂತ ನಾಲ್ಕೈದು ಡಿಗ್ರಿ ಹೆಚ್ಚು ತೋರಿಸುತ್ತದೆ. ತಾಪಮಾನ 10 ಡಿಗ್ರಿ ಏರಿದರೆ ಗಾಳಿಯ ಸಾಂದ್ರತೆ ಶೇ 3ಕ್ಕೂ ಹೆಚ್ಚು ಇಳಿಯುತ್ತದೆ. ಅಂದರೆ 5 ಡಿಗ್ರಿಯ ತಪ್ಪಿಗೆ ಸಾಂದ್ರತೆಯಲ್ಲಿ ಶೇ 1.6ರಷ್ಟು ತಪ್ಪು. 30 ಡಿಗ್ರಿಯಲ್ಲಿ ಪೂರ್ತಿ ಒಣಗಿದ ಗಾಳಿಗೂ ಶೇ 100 ಆರ್ದ್ರತೆಯ ಗಾಳಿಗೂ ಇರುವ ವ್ಯತ್ಯಾಸವೇ ಹೆಚ್ಚುಕಡಿಮೆ ಅಷ್ಟು! ಆರ್ದ್ರತೆಯನ್ನು ದಶಮಾಂಶದವರೆಗೆ ಅಳೆಯುವ ಯಂತ್ರ ಅದರ ಇಡೀ ಪರಿಣಾಮವನ್ನು ತನ್ನ ಮೈಬಿಸಿಯಲ್ಲೇ ಮುಳುಗಿಸಿಬಿಡುತ್ತದೆ.

ಹಾಗಾಗಿ ಒಂದು ಕ್ರಮ ರೂಢಿಸಿಕೊಂಡಿದ್ದೇನೆ. ನೆರಳಿಗೆ ಹೋಗಿ, ದಾರದ ತುದಿ ಹಿಡಿದು, ಮಾಪಕವನ್ನು ಮೈಯಿಂದ ದೂರ ಚಾಚಿ ನಿಧಾನವಾಗಿ ಸುತ್ತಿಸುತ್ತೇನೆ. ತಾಪಮಾನದ ಅಂಕಿ ಸರಸರನೆ ಇಳಿದು, ತಡವರಿಸಿ, ಒಂದು ಕಡೆ ನೆಲೆಯೂರುತ್ತದೆ. ಆಗಿನ ಸಾಂದ್ರತೆಯನ್ನು ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಗ್ಲೋ ಎಂಜಿನ್ನಿನ (ಕಾದ ತಂತಿಯಿಂದ ಇಂಧನ ಹೊತ್ತಿಸುವ ಪುಟ್ಟ ಎಂಜಿನ್) ಸೂಜಿಗೆ, ಅಂದರೆ ಇಂಧನದ ಹರಿವನ್ನು ಹೊಂದಿಸುವ ತಿರುಪಿಗೆ, ಕೈ ಹಾಕುವುದು. ಗಾಳಿ ತೆಳುವಾದ ದಿನ ಆಮ್ಲಜನಕ ಕಡಿಮೆ, ಇಂಧನವನ್ನೂ ಕೊಂಚ ತಗ್ಗಿಸಬೇಕು. ತಂಪಾದ ಒಣ ಬೆಳಗಿನಲ್ಲಿ ಹೆಚ್ಚಿಸಬೇಕು. ಹಳೆಯ ಪುಟಗಳಲ್ಲಿ ಅದೇ ಸಾಂದ್ರತೆಯ ದಿನವನ್ನು ಹುಡುಕಿ, ಅಂದಿನ ಸೂಜಿಯ ಸ್ಥಾನದಿಂದ ಶುರುಮಾಡಿದಾಗ ಎಂಜಿನ್ ಮೊದಲ ಸಲಕ್ಕೇ ಶುದ್ಧವಾಗಿ ದನಿಗೂಡುವುದನ್ನು ಕೇಳುವ ಸುಖವೇ ಬೇರೆ.

ಈ ಸುಖ ಸಿಗುವುದು ಒತ್ತಡದ ಸಂವೇದಕ ಅಷ್ಟು ನಂಬಿಕಸ್ತವಾಗಿರುವುದರಿಂದ. ಇಲ್ಲಿ ತಯಾರಕರನ್ನು ಮನಸಾರೆ ಮೆಚ್ಚುತ್ತೇನೆ. ಹವಾಮಾನ ವರದಿಯಲ್ಲಿ ಬರುವುದು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡ. 1,000 ಮೀಟರ್ ಎತ್ತರದಲ್ಲಿ ಅದನ್ನೇ ಲೆಕ್ಕಕ್ಕೆ ಹಾಕಿದರೆ ಸಾಂದ್ರತೆ ಶೇ 12ಕ್ಕೂ ಹೆಚ್ಚು ಉಬ್ಬಿ ಕಾಣುತ್ತದೆ. ಈ ಮಾಪಕ ನಿಂತ ಜಾಗದ ನಿಜವಾದ ಒತ್ತಡವನ್ನೇ ಹಿಡಿಯುತ್ತದೆ, ಎತ್ತರವನ್ನು ಬೇರೆ ತುಂಬಿಸಬೇಕಿಲ್ಲ. ಎತ್ತರದ ಪ್ರಭಾವವೆಲ್ಲ ಆ ಒತ್ತಡದೊಳಗೇ ಇದೆ. ಪ್ರಮಾಣಿತ ವಾಯುಮಂಡಲದಲ್ಲಿ, ಅಂದರೆ ಲೆಕ್ಕಕ್ಕೆಂದು ಎಲ್ಲರೂ ಒಪ್ಪಿಕೊಂಡ ಮಾದರಿ ವಾಯುಮಂಡಲದಲ್ಲಿ, ಸಮುದ್ರಮಟ್ಟದ ಸಾಂದ್ರತೆ 1.225 ಕಿಲೋಗ್ರಾಂ (ಘನ ಮೀಟರಿಗೆ) 1,000 ಮೀಟರ್‌ನಲ್ಲಿ 1.112ಕ್ಕೆ ಇಳಿದಿರುತ್ತದೆ. ಆ ಎತ್ತರದಲ್ಲಿ 33 ಡಿಗ್ರಿ ಬಿಸಿಯೂ ಸೇರಿದರೆ ಪರದೆಯ ಮೇಲಿನ ಸಾಂದ್ರತಾ ಎತ್ತರ (ಅದೇ ಸಾಂದ್ರತೆ ಪ್ರಮಾಣಿತ ವಾಯುಮಂಡಲದಲ್ಲಿ ಸಿಗುವ ಎತ್ತರ) 1,800 ಮೀಟರ್ ದಾಟುತ್ತದೆ. ಅಂಥ ದಿನ ಭಾರದ ವಿಮಾನವನ್ನು ಪೆಟ್ಟಿಗೆಯಿಂದ ತೆಗೆಯುವುದೇ ಇಲ್ಲ.

ತೇವದ ಗಾಳಿ ಭಾರವೆಂದು ವಾದಿಸುವ ಗೆಳೆಯರಿಗೂ ಇದೇ ಪರದೆಯನ್ನು ತೋರಿಸುತ್ತೇನೆ. ನೀರಾವಿಯ ಅಣುತೂಕ 18, ಒಣಗಾಳಿಯದು ಸರಾಸರಿ 29. ಆವಿ ಹೆಚ್ಚಿದಷ್ಟೂ ಗಾಳಿ ಹಗುರ.

ಗಾಳಿಯ ವೇಗವನ್ನೂ ಅಳೆಯುವ ದುಬಾರಿ ಮಾದರಿ ನನ್ನ ಕೈಗೆ ಎಟುಕುವಂಥದ್ದಲ್ಲ, ಅದರ ಕೊರತೆಯೂ ಕಾಡಿಲ್ಲ. ಬ್ಯಾಟರಿ ಚೆನ್ನಾಗಿ ಬಾಳುತ್ತದೆ. ಬರೀ ವಿದ್ಯುತ್ ಮೋಟರಿನ ವಿಮಾನ ಹಾರಿಸುವವರಿಗೆ ಇಷ್ಟು ಖರ್ಚು ಬೇಡ. ಗ್ಲೋ ಎಂಜಿನ್ ಇದ್ದವರು ಕೊಳ್ಳಿ. ಐದಕ್ಕೆ ಮೂರೂವರೆ ನಕ್ಷತ್ರ. ಕೊಂಡ ದಿನವೇ ಕವಚಕ್ಕೆ ಬಿಳಿ ಟೇಪು ಸುತ್ತಿ, ಸಂವೇದಕದ ಕಿಂಡಿಯನ್ನು ಮಾತ್ರ ಮುಚ್ಚಬೇಡಿ.