ಜಿಂಕೆ ಬೇಟೆಗೆ ಯಾವ ತೋಟಾ? .243, 6.5 ಕ್ರೀಡ್‌ಮೋರ್, .308, .30-30 ಹೋಲಿಕೆ

ವೈಟ್‌ಟೇಲ್ ಜಿಂಕೆ ಅಡ್ಡಲಾಗಿ ನಿಂತಾಗ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು 8 ಇಂಚು ಅಗಲ. ಗುಂಡು ಅಲ್ಲಿ ಬೀಳಬೇಕು, ಒಳಗೆ ಅರಳಬೇಕು, ಆಚೆ ಬದಿಯಿಂದ ಹೊರಟರೆ ಇನ್ನೂ ಒಳ್ಳೆಯದು. ಎರಡು ತೂತು ಬಿದ್ದರೆ ರಕ್ತದ ಜಾಡು ಬೇಗ ಸಿಗುತ್ತದೆ. ಮೇಲಿನ ನಾಲ್ಕು ತೋಟಾಗಳನ್ನು ಹೋಲಿಸಿದ್ದೆಲ್ಲ ಈ ಲೆಕ್ಕದಲ್ಲೇ.

ಇದು ಅಮೆರಿಕದ ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಿಂಕೆ ಬೇಟೆಯನ್ನು ನಿಷೇಧಿಸಿದೆ. ಕೊಡಗಿನಲ್ಲಿ ಕೋವಿಗೆ ಇರುವ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ, ಮಿಕ ಹೊಡೆಯುವುದಕ್ಕಲ್ಲ. ಇನ್ನು H-1B ಥರದ ವೀಸಾದಲ್ಲಿರುವವರು: ಅಮೆರಿಕದ ಫೆಡರಲ್ ಕಾನೂನಿನಂತೆ ಅವರು ಬಂದೂಕು, ತೋಟಾ ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ಯಾವುದಾದರೊಂದು ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಮಾತ್ರ ವಿನಾಯಿತಿ. ರೈಫಲ್ ಕೊಳ್ಳುವ ಮುಂಚೆಯೇ ಲೈಸೆನ್ಸ್ ಕೈಯಲ್ಲಿರಲಿ.

.243 ವಿಂಚೆಸ್ಟರ್ 1955ರದು, .308ರ ಕೇಸಿನ (ಮದ್ದು ತುಂಬಿದ ಹಿತ್ತಾಳೆ ಚಿಪ್ಪು) ಕತ್ತು ಕಿರಿದು ಮಾಡಿ ತಂದದ್ದು. 100 ಗ್ರೇನ್ (ಗುಂಡು ತೂಗುವ ಸಣ್ಣ ಅಳತೆ) ತೂಕದ ಗುಂಡು ಸೆಕೆಂಡಿಗೆ ಸುಮಾರು 2960 ಅಡಿ ವೇಗದಲ್ಲಿ ಹೊರಡುತ್ತದೆ. ಭುಜಕ್ಕೆ ಬರುವ ಒದೆತ 9 ಅಡಿ-ಪೌಂಡಿನ (ಶಕ್ತಿಯ ಅಳತೆ) ಆಸುಪಾಸು, ಹೊಸಬರೂ ಕಣ್ಣು ಮುಚ್ಚದೆ ಟ್ರಿಗರ್ ಎಳೆಯುತ್ತಾರೆ. ತೊಂದರೆ ಇರುವುದು ತೋಟಾ ಡಬ್ಬಿ ಆರಿಸುವುದರಲ್ಲಿ. ಇದೇ ಕ್ಯಾಲಿಬರ್‌ನಲ್ಲಿ 58 ಗ್ರೇನಿನ ತೆಳು ಜಾಕೆಟ್ (ಹೊರಗಿನ ಲೋಹದ ಹೊದಿಕೆ) ಗುಂಡೂ ಸಿಗುತ್ತದೆ. ಅದು ನರಿ ಗಾತ್ರದ ಪ್ರಾಣಿಗೆ ಮಾಡಿದ್ದು. ಜಿಂಕೆಯ ಭುಜದ ಮೂಳೆಗೆ ತಾಗಿದರೆ ಮೇಲೆಯೇ ಚೂರಾಗಿ, ಗಾಯಗೊಂಡ ಪ್ರಾಣಿ ತಪ್ಪಿಸಿಕೊಂಡು ಹೋಗುತ್ತದೆ. ಕೊಲೊರಾಡೊದಲ್ಲಿ ಜಿಂಕೆಗೆ 70 ಗ್ರೇನಿಗಿಂತ ಹಗುರದ ಗುಂಡು ಕಾನೂನುಬಾಹಿರ ಕೂಡ. .243ಕ್ಕೆ 95 ಅಥವಾ 100 ಗ್ರೇನಿನ ಬಾಂಡೆಡ್ (ಜಾಕೆಟ್, ಸೀಸ ಬೆಸೆದ) ಗುಂಡು, ಇಲ್ಲವೇ 80 ಗ್ರೇನಿನ ಪೂರ್ತಿ ತಾಮ್ರದ್ದು ಸರಿ. 200 ಗಜದಾಚೆಗೆ, ಓರೆಯಾಗಿ ನಿಂತ ದೊಡ್ಡ ಗಂಡಿನ ಮೇಲೆ ನಾವಂತೂ ಇದನ್ನು ಬಳಸುವುದಿಲ್ಲ.

.308 ವಿಂಚೆಸ್ಟರ್ 1952ರದು. 150 ಗ್ರೇನ್, 2820 ಅಡಿ ವೇಗ. 300 ಗಜದಲ್ಲಿ ಸುಮಾರು 1350 ಅಡಿ-ಪೌಂಡ್ ಉಳಿಯುತ್ತದೆ; ಜಿಂಕೆಗೆ 1000 ಸಾಕು ಎಂಬುದು ಹಳೆಯ ಅಂದಾಜು. ಒದೆತ .243ಕ್ಕಿಂತ ಬಹಳ ಜಾಸ್ತಿ. ಗುಂಡಿನ ಆಯ್ಕೆ ಅಪಾರ, ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಡಬ್ಬಿ ಸಿಗುತ್ತದೆ.

2007ರಲ್ಲಿ ತೋಟಾ ಕಂಪನಿ ಹಾರ್ನಡಿ ಹೊರತಂದ 6.5 ಕ್ರೀಡ್‌ಮೋರ್ ಉದ್ದನೆಯ, ಗಾಳಿ ಸೀಳುವ ಗುಂಡನ್ನು ಬಳಸುತ್ತದೆ. 143 ಗ್ರೇನಿನ ಬೇಟೆ ಗುಂಡು ಇಎಲ್‌ಡಿ-ಎಕ್ಸ್ 2700 ಅಡಿ ವೇಗದಲ್ಲಿ ಹೊರಟರೂ 300 ಗಜದಲ್ಲಿ 1600 ಅಡಿ-ಪೌಂಡಿಗಿಂತ ಹೆಚ್ಚು ಉಳಿಸಿಕೊಳ್ಳುತ್ತದೆ; .308ರ ಸಾಮಾನ್ಯ ಸಾಫ್ಟ್ ಪಾಯಿಂಟನ್ನು (ಸೀಸದ ತುದಿ ತೆರೆದಿರುವ ಗುಂಡು) ಅಲ್ಲಿ ಮೀರಿಸುತ್ತದೆ, ಒದೆತವೂ ಕಡಿಮೆ. ಆದರೆ 140 ಗ್ರೇನ್ ಇಎಲ್‌ಡಿ ಮ್ಯಾಚ್ ಎಂಬ ಇನ್ನೊಂದಿದೆ. ಹೆಸರಿನಲ್ಲಿ ಒಂದೆರಡು ಅಕ್ಷರದ ವ್ಯತ್ಯಾಸ ಅಷ್ಟೆ, ಅದು ಗುರಿ ಸ್ಪರ್ಧೆಗೆ. ಬೇಟೆಗೆ ತರಬೇಡಿ.

ಎಲ್ಲರೂ ಜಗಳವಾಡುವುದು ಯಾವುದು ಹೆಚ್ಚು ನೇರ ಹೋಗುತ್ತದೆ ಎಂದು. 200 ಗಜಕ್ಕೆ ಜೀರೋ ಮಾಡಿದರೆ, ಅಂದರೆ ಗುರಿ ಇಟ್ಟಲ್ಲೇ ಗುಂಡು ಬೀಳುವಂತೆ ಸ್ಕೋಪ್ (ರೈಫಲ್ ಮೇಲಿನ ದುರ್ಬೀನು) ಹೊಂದಿಸಿದರೆ, 300 ಗಜದಲ್ಲಿ .243 ಸುಮಾರು 7 ಇಂಚು, .308, 6.5 ಎರಡೂ 8ರಿಂದ 9 ಇಂಚು ಕೆಳಗೆ ಬೀಳುತ್ತವೆ. ಇಷ್ಟು ವ್ಯತ್ಯಾಸಕ್ಕೆ ಹೊಸ ರೈಫಲ್ ಕೊಳ್ಳುವ ಅಗತ್ಯ ನಮಗೆ ಕಂಡಿಲ್ಲ.

.30-30 ಬೇರೆಯೇ ಜಾತಿ. 1895ರದು, 150 ಗ್ರೇನ್, 2390 ಅಡಿ. ದಟ್ಟ ಕಾಡಿನಲ್ಲಿ 150 ಗಜದೊಳಗೆ ಲೀವರ್ ರೈಫಲ್ (ಹಿಡಿ ಕೆಳಗೆಳೆದು ತೋಟಾ ತುಂಬುವಂಥದ್ದು) ಹಗುರ, ಚುರುಕು. 200 ಗಜಕ್ಕೆ ಗುಂಡಿನ ಶಕ್ತಿ 1000 ಅಡಿ-ಪೌಂಡಿಗಿಂತ ಕೆಳಗಿಳಿಯುತ್ತದೆ. ಲೀವರ್ ರೈಫಲ್‌ನ ಕೊಳವೆ ಮ್ಯಾಗಜೀನ್‌ನಲ್ಲಿ ಒಂದು ಗುಂಡಿನ ಮೂಗು ಮುಂದಿನ ತೋಟಾದ ಪ್ರೈಮರ್‌ಗೆ (ಮದ್ದಿಗೆ ಕಿಡಿ ಕೊಡುವ ಭಾಗ) ತಾಗಿಕೊಂಡಿರುತ್ತದೆ. ಗಟ್ಟಿ ಚೂಪು ಮೂಗಿನ ಗುಂಡು ತುಂಬಿದರೆ ಒದೆತಕ್ಕೆ ಒಳಗೇ ಸಿಡಿಯಬಹುದು. ಚಪ್ಪಟೆ ಮೂಗಿನದು, ಅಥವಾ ಕೊಳವೆಗೆಂದೇ ಮಾಡಿದ ಮೆತ್ತನೆ ತುದಿಯ ಎಫ್‌ಟಿಎಕ್ಸ್ ಮಾತ್ರ ಹಾಕಿ. ಓಹಾಯೋದಲ್ಲಿ ಈ ನಾಲ್ಕೂ ನಡೆಯುವುದಿಲ್ಲ, ಅಲ್ಲಿ ಕತ್ತು ಕಿರಿದಾಗದ, ನೇರ ಗೋಡೆಯ ಕೇಸೇ ಬೇಕು; .350 ಲೆಜೆಂಡ್ 2019ರಲ್ಲಿ ಬಂದದ್ದು ಇಂಥ ರಾಜ್ಯಗಳಿಗಾಗಿಯೇ.

ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸ ನಿಷಿದ್ಧ. ತಾಮ್ರದ ಗುಂಡಿನಲ್ಲಿ ಸೀಸವೇ ಇಲ್ಲದ ಕಾರಣ ಮಾಂಸದಲ್ಲಿ ಸೀಸದ ಕಣ ಉಳಿಯುವ ಚಿಂತೆ ಇಲ್ಲ, ಸಾರಿಗೆ ಹಾಕುವವರಿಗೆ ಇದು ಸಣ್ಣ ಮಾತಲ್ಲ. ಅರಳಲು ಮಾತ್ರ ಅದಕ್ಕೆ ವೇಗ ಬೇಕು, ಹಾಗಾಗಿ ತೂಕದಲ್ಲಿ ಒಂದು ಮೆಟ್ಟಿಲು ಇಳಿಯಿರಿ: .308ಕ್ಕೆ 130, 6.5ಕ್ಕೆ 120 ಗ್ರೇನ್. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. .243ರ ಬ್ಯಾರೆಲ್‌ನಲ್ಲಿ ಗುಂಡನ್ನು ತಿರುಗಿಸುವ ಗೆರೆಗಳು 10 ಇಂಚಿಗೆ ಒಂದು ಸುತ್ತಿನ ತಿರುವಿನಲ್ಲಿರುವುದೇ ಹೆಚ್ಚು. ತೀರಾ ಉದ್ದ ಗುಂಡು ಅದರಲ್ಲಿ ಸ್ಥಿರವಾಗದೆ ಕಾಗದದಲ್ಲಿ ಅಡ್ಡ ತೂತು ಮಾಡಬಹುದು. ಸೀಸದಿಂದ ತಾಮ್ರಕ್ಕೆ ಬದಲಾಯಿಸುವಾಗ ಬ್ಯಾರೆಲ್ ಪೂರ್ತಿ ತೊಳೆಯಿರಿ, ಇಲ್ಲದಿದ್ದರೆ ಈಡುಗಳು ಒಂದೆಡೆ ಬೀಳದೆ ಚದುರುತ್ತವೆ.

ಒಂದೇ ರೈಫಲ್ ಎಂದರೆ ನಮ್ಮ ಮತ .308ಕ್ಕೆ, ಒದೆತಕ್ಕೆ ಹೆದರುವವರಿಗೆ 6.5ಕ್ಕೆ. ಯಾವುದಾದರೂ ಸರಿ, ಎರಡು ಮೂರು ಬಗೆಯ ಡಬ್ಬಿ ತಂದು ನಿಮ್ಮ ಬ್ಯಾರೆಲ್‌ಗೆ ಯಾವುದು ಒಗ್ಗುತ್ತದೆ ನೋಡಿ. ಮೊದಲು 25 ಗಜದಲ್ಲಿ ಕಾಗದದ ಮೇಲೆ ತನ್ನಿ. ಕಾಲು ಎಂಒಎ (ಕೋನದ ಅಳತೆ; ಒಂದು ಎಂಒಎ 100 ಗಜದಲ್ಲಿ ಸುಮಾರು ಒಂದು ಇಂಚು) ಸ್ಕೋಪ್ ಆದರೆ ಅಲ್ಲಿ ಒಂದು ಇಂಚಿಗೆ ಸುಮಾರು 16 ಕ್ಲಿಕ್, 100 ಗಜದಲ್ಲಿ 4. ಇದನ್ನು ಮರೆತೇ ಅರ್ಧ ಡಬ್ಬಿ ವ್ಯರ್ಥವಾಗುವುದು. 100 ಗಜದಲ್ಲಿ ಮೂರು ಮೂರರ ಗುಂಪು ಹೊಡೆದು, ನಡುವೆ ಬ್ಯಾರೆಲ್ ತಣಿಯಲು ಬಿಟ್ಟು, .30-30 ಬಿಟ್ಟು ಉಳಿದವನ್ನು ಒಂದೂವರೆಯಿಂದ ಎರಡು ಇಂಚು ಮೇಲೆ ನಿಲ್ಲಿಸಿ, 200ರಲ್ಲಿ ಪರೀಕ್ಷಿಸಿ. ಬೇರೊಂದು ದಿನ ತಣ್ಣಗಿನ ಬ್ಯಾರೆಲ್‌ನಿಂದ ಮೊದಲ ಈಡು ಎಲ್ಲಿ ಬೀಳುತ್ತದೆ ಎಂದು ಗುರುತು ಮಾಡಿಕೊಳ್ಳಿ. ಬೇಟೆಯಲ್ಲಿ ಸಿಗುವುದು ಆ ಈಡೇ. ಗುಂಡು ಒಗ್ಗಿದ ಮೇಲೆ ಡಬ್ಬಿಯ ಲಾಟ್ (ಒಟ್ಟಿಗೆ ತಯಾರಾದ ಕಂತು) ನಂಬರ್ ನೋಡಿ ಸೀಸನ್‌ಗೆ ಬೇಕಾದಷ್ಟನ್ನು ಒಟ್ಟಿಗೇ ಕೊಂಡಿಡಿ.