ದಾವಣಗೆರೆಯಲ್ಲಿ ಸಬ್‌ವೂಫರ್ ತಗೊಳ್ಳೋರು ಮೊದಲು ಇದನ್ನು ಓದಿ

ಮನೆಯಲ್ಲಿ ಸ್ಟೀರಿಯೋ ಆಂಪ್ಲಿಫೈಯರ್, ಒಂದು ಜೊತೆ ಸಣ್ಣ ಸ್ಪೀಕರ್ ಇಟ್ಟುಕೊಂಡು ಹಾಡು ಕೇಳುವವರಿಗಾಗಿ ಇದನ್ನು ಬರೀತಿದ್ದೇನೆ. ಸಬ್‌ವೂಫರ್ ಅಂದರೆ ಬಾಸ್, ಅಂದರೆ ತಗ್ಗಿನ ದಪ್ಪ ಸದ್ದು, ಮಾತ್ರ ನುಡಿಸುವ ಬೇರೆ ಪೆಟ್ಟಿಗೆ; ಇಲ್ಲಿ ಬರೀ ವೂಫರ್ ಅಂದರೂ ಅದೇ. ಸಿನಿಮಾಕ್ಕೆ, ಪಾರ್ಟಿಗೆ ವೂಫರ್ ಬೇಕು ಅನ್ನೋರ ಲೆಕ್ಕ ಬೇರೆ.

ನನ್ನ ಸ್ಪೀಕರ್‌ಗಳಲ್ಲಿ ಬಾಸ್ ನುಡಿಸುವ ಕೋನ್ ಐದು ಇಂಚಿನದು. ಈ ಅಳತೆಯವು ಸಾಮಾನ್ಯವಾಗಿ 60 ಹರ್ಟ್ಸ್ (ಸೆಕೆಂಡಿಗೆ 60 ಕಂಪನ; ಅಂಕಿ ಇಳಿದಷ್ಟೂ ಸದ್ದು ತಗ್ಗು) ಹತ್ತಿರ ಇಳಿಯುತ್ತಲೇ ಸುಸ್ತಾಗುತ್ತವೆ. ಬಾಸ್ ಗಿಟಾರಿನ ದಪ್ಪ ತಂತಿ ಮೀಟಿದರೆ ಬರೋದು 41 ಹರ್ಟ್ಸ್. ಆ ಕೆಳಗಿನ ಭಾಗಕ್ಕಷ್ಟೇ ನನಗೆ ಸಬ್‌ವೂಫರ್ ಬೇಕಿತ್ತು. ಪೇಟೆಯ ಒಂದು ಅಂಗಡಿಗೆ ಹೋಗಿ, ಆಂಪ್ಲಿಫೈಯರಿನ ಹಿಂಭಾಗದ ಫೋಟೋ ತೋರಿಸಿಯೇ ಕೇಳಿದೆ: ಇದರಲ್ಲಿ ವೂಫರ್‌ಗೆ ವೈರ್ ಕೊಡುವ ಸಬ್ ಔಟ್, ಪ್ರೀ ಔಟ್ ಅನ್ನೋ ತೂತು ಎರಡೂ ಇಲ್ಲ, ನಿಮ್ಮ ವೂಫರ್ ಇದಕ್ಕೆ ಕೂಡುತ್ತಾ?

"ಎಲ್ಲಾ ಕೂಡ್ತತೆ ಸರ್, ನಮ್ಮ ಹುಡುಗ ಬಂದು ಹಾಕಿ ಕೊಡ್ತಾನೆ. ಸರಿ ಬರ್ಲಿಲ್ಲಾಂದ್ರೆ ವಾಪಸ್ ತಗೊಂಬನ್ರಿ."

ಡೆಮೋಕ್ಕೆ ಹಾಕಿದ್ದು ಗಣಪತಿ ಮೆರವಣಿಗೆಯ ಡಿಜೆ ಹಾಡು. ಶೋಕೇಸಿನ ಗಾಜು ಗಡಗಡ ಅಂತು. ನಾನು ಪೆನ್ ಡ್ರೈವ್‌ನಲ್ಲಿ ಒಯ್ದಿದ್ದ ಹಿಂದೂಸ್ತಾನಿ ಗಾಯನ ಹಾಕಿ ಅಂದರೆ, "ಅದ್ರಾಗೆ ಬಾಸ್ ಎಲ್ಲೈತೆ ಸರ್?" ಅಂತ ನಕ್ಕರು. ನಿಮ್ಮ ಹಾಡು ಹಾಕೋಕೆ ಒಪ್ಪದ ಅಂಗಡಿಯಿಂದ ಅಲ್ಲಿಂದಲೇ ಎದ್ದು ಬನ್ನಿ. ಬೆಣ್ಣೆ ದೋಸೆ ತಿಂದು ಮನೆಗೆ ಹೋದರೂ ದುಡ್ಡು ಉಳಿಯುತ್ತೆ.

ನಾನು ಮಾತ್ರ ಎದ್ದು ಬರದೆ ತಗೊಂಡೆ. ಹಾಕಿ ಕೊಡಲು ಮನೆಗೆ ಬಂದ ಅಂಗಡಿ ಹುಡುಗ ಆಂಪ್ಲಿಫೈಯರ್ ಹಿಂದೆ ಕೈ ಹಾಕಿ ಹುಡುಕಿ, ಕೊನೆಗೆ 'ರೆಕ್ ಔಟ್' ಅಂತ ಬರೆದಿದ್ದ ಜಾಗಕ್ಕೆ ಪಿನ್ ಚುಚ್ಚಿದ. ವೂಫರ್ ಗುಡುಗಿತು. ಆಯ್ತು ಸರ್ ಅಂದು ಹೊರಟೇಹೋದ. ರೆಕ್ ಔಟ್ ಇರೋದು ಟೇಪ್ ರೆಕಾರ್ಡರ್‌ಗೆ. ಅಲ್ಲಿಂದ ಬರುವ ಸಿಗ್ನಲ್‌ಗೂ ವಾಲ್ಯೂಮ್ ನಾಬ್‌ಗೂ ಸಂಬಂಧವೇ ಇಲ್ಲ. ರಾತ್ರಿ ಹಾಡಿನ ಸೌಂಡ್ ಇಳಿಸಿದರೆ ಸ್ಪೀಕರ್ ತಗ್ಗುತ್ತೆ, ವೂಫರ್ ಮಾತ್ರ ಹಾಗೇ ಗುಂಯ್ ಅಂತಿರುತ್ತೆ. ಪ್ರತಿ ಸಲ ಎದ್ದು ಹೋಗಿ, ಬಗ್ಗಿ, ಅದರ ಹಿಂದಿನ ನಾಬ್ ತಿರುಗಿಸಬೇಕು. ಫೋನ್ ಮಾಡಿದರೆ, ಹೆಡ್‌ಫೋನ್ ತೂತಿನಿಂದ ವೈರ್ ಎಳೀರಿ ಅಂದರು. ಅದಕ್ಕೆ ಪಿನ್ ಹಾಕಿದ ಕೂಡಲೇ ಸ್ಪೀಕರೇ ಬಂದ್!

ಸಬ್ ಔಟ್ ಇಲ್ಲದ ಆಂಪ್ಲಿಫೈಯರ್‌ಗೆ ಬೇಕಿರೋದು 'ಹೈ ಲೆವೆಲ್ ಇನ್‌ಪುಟ್' ಇರುವ ಸಬ್‌ವೂಫರ್. ಸ್ಪೀಕರ್‌ಗೆ ಹೋಗುವ ಟರ್ಮಿನಲ್‌ನಿಂದಲೇ ಇನ್ನೊಂದು ಜೊತೆ ವೈರ್ ಎಳೆದು ಅದಕ್ಕೆ ಕೊಡ್ತಾರೆ. ವೂಫರಿನೊಳಗೇ ಬೇರೆ ಆಂಪ್ಲಿಫೈಯರ್ ಇರುವುದರಿಂದ ನಿಮ್ಮದರ ಮೇಲೆ ಭಾರ ಬೀಳಲ್ಲ. ವಾಲ್ಯೂಮ್ ಎರಡಕ್ಕೂ ಒಟ್ಟಿಗೇ ಏರಿಳಿಯುತ್ತೆ. ನನಗೆ ಮಾರಿದ ಪೆಟ್ಟಿಗೆಯಲ್ಲಿ ಅದು ಇರಲೇ ಇಲ್ಲ.

ಕ್ರಾಸ್‌ಓವರ್ ನಾಬೂ ಇರಲಿಲ್ಲ. ಎಷ್ಟು ಹರ್ಟ್ಸ್‌ನಿಂದ ಕೆಳಗಿನದನ್ನು ವೂಫರ್ ನುಡಿಸಬೇಕು ಅಂತ ಹೇಳೋದು ಆ ನಾಬ್. 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತು ಅಂತ ನಮ್ಮ ಕಿವಿಗೆ ಸುಲಭಕ್ಕೆ ಗೊತ್ತಾಗಲ್ಲ. ಅದಕ್ಕೇ ಸಾಮಾನ್ಯವಾಗಿ 80ರ ಆಸುಪಾಸಿನಲ್ಲಿ ಇಡ್ತಾರೆ. ಇದು ಅದಕ್ಕಿಂತ ಎಷ್ಟೋ ಮೇಲಿನವರೆಗೂ ನುಡೀತಿತ್ತು. ಗಾಯಕರು ಮಂದ್ರಕ್ಕೆ ಇಳಿದರೆ ಸಾಕು, ದನಿ ಅರ್ಧ ಎದುರಿನಿಂದ, ಅರ್ಧ ಕಿಟಕಿ ಕೆಳಗಿನ ಮೂಲೆಯಿಂದ. ತಬಲಾದ ಡಗ್ಗಾ ಮೇಲೆ ಅಂಗೈ ಒತ್ತಿ ಸರಿಸಿದಾಗ ಸದ್ದು ಜಾರಿಕೊಂಡು ಏರುತ್ತಲ್ವಾ, ಆ ಚಂದವೆಲ್ಲ ಅಳಿಸಿಹೋಗಿ ಒಂದೇ 'ಬುಂ'. ಮುಂದಿನ ಪೆಟ್ಟು ಬಿದ್ದರೂ ಹಿಂದಿನದು ಮುಗಿದಿರಲ್ಲ.

ಮುಂದುಗಡೆ ಸ್ಟಿಕ್ಕರ್ ಮೇಲೆ ಸಾವಿರಗಟ್ಟಲೆ ವಾಟ್, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಪಿಎಂಪಿಒ, ಅಂದರೆ ಜಾಹೀರಾತಿಗೆ ಉಬ್ಬಿಸಿ ಹೇಳುವ ಕ್ಷಣಮಾತ್ರದ ಲೆಕ್ಕ. ಹಿಂದಿನ ತಗಡಿನ ಮೇಲೆ ನೋಡಿದರೆ 230 ವೋಲ್ಟ್, 75 ವಾಟ್. ಗೋಡೆಯಿಂದ 75 ವಾಟ್ ಎಳೆಯುವ ಪೆಟ್ಟಿಗೆ ಸಾವಿರ ವಾಟ್ ಒಂದೇ ಸಮನೆ ಎಲ್ಲಿಂದ ತಂದು ಕೊಡುತ್ತೆ? ಕೇಳಬೇಕಾದ್ದು ಆರ್‌ಎಂಎಸ್ ವಾಟ್, ಅಂದರೆ ಒಂದೇ ಸಮನೆ ಕೊಡಬಲ್ಲ ಶಕ್ತಿ. ಅದನ್ನು ಹೇಳಲು ತಡವರಿಸಿದರೆ ಅರ್ಥ ಮಾಡ್ಕೊಳ್ಳಿ.

ವಾಪಸ್ ಒಯ್ದಾಗ ಅಂಗಡಿಯವರು ಎಲ್ಲವನ್ನೂ ನಮ್ಮ ರೂಮಿನ ಮೇಲೆ ಹಾಕಿದರು. ರೂಮಿನದೂ ಪಾಲಿದೆ, ಇಲ್ಲ ಅನ್ನಲ್ಲ. ಸಿಮೆಂಟ್ ಗೋಡೆ, ಟೈಲ್ಸ್ ನೆಲ, ಹನ್ನೆರಡು ಅಡಿ ಉದ್ದ. ಅಷ್ಟು ಉದ್ದದ ಕೋಣೆಯಲ್ಲಿ 47 ಹರ್ಟ್ಸ್ ಹತ್ತಿರದ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಜಾಸ್ತಿಯಾಗುತ್ತೆ. ಆದರೆ ಚಿತ್ರದುರ್ಗದ ಗೆಳೆಯರೊಬ್ಬರು ತಮ್ಮ ಎಂಟು ಇಂಚಿನ, ಗಾಳಿ ತೂತಿಲ್ಲದ ಸೀಲ್ಡ್ ಸಬ್‌ವೂಫರ್ ತಂದು ಅದೇ ರೂಮಿನಲ್ಲಿ ಹಚ್ಚಿದರು. ಮೊದಲು ಅದನ್ನು ನಾನು ಕೂರುವ ಜಾಗದಲ್ಲೇ ಇಟ್ಟು, ಹಾಡು ಹಾಕಿ, ಇಬ್ಬರೂ ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಯುದ್ದಕ್ಕೂ ಕೇಳಿದೆವು. ಮನೆಯವರು ನೋಡಿ ನಕ್ಕರು ಬಿಡಿ. ಬಾಸ್ ಎಲ್ಲಿ ಉಬ್ಬದೆ ಸಮವಾಗಿ ಕೇಳಿತೋ ಆ ಜಾಗಕ್ಕೆ ವೂಫರ್ ಒಯ್ದಿಟ್ಟೆವು. ವೂಫರಿನ ಕೋನ್ ಸ್ಪೀಕರ್ ಜೊತೆಗೇ ಅಲ್ಲಾಡಬೇಕೋ ಉಲ್ಟಾ ಅಲ್ಲಾಡಬೇಕೋ ಅಂತ ಹೇಳುವ ಫೇಸ್ ಸ್ವಿಚ್ಚನ್ನು 0, 180 ಎರಡರಲ್ಲೂ ಹಾಕಿ, ಬಾಸ್ ತುಂಬಿ ಬಂದ ಕಡೆ ಬಿಟ್ಟೆವು. ವೂಫರ್ ಇದೆ ಅನ್ನೋದೇ ಗೊತ್ತಾಗಲಿಲ್ಲ. ಆಫ್ ಮಾಡಿದಾಗ ಮಾತ್ರ ಹಾಡು ಬಡಕಲಾಯ್ತು. ಮ್ಯೂಸಿಕ್‌ಗೆ ಸಬ್‌ವೂಫರ್ ಹೀಗಿರಬೇಕು.

ಅಂಗಡಿಯವರು ಕೊನೆಗೆ ಅರ್ಧ ರೇಟಿಗೆ, ಬಳಸಿದ ಮಾಲಿನ ಲೆಕ್ಕದಲ್ಲಿ ತಗೋತೀವಿ ಅಂದರು. ಬಿಲ್ಲಿನಲ್ಲಿ 'ಮಾರಿದ ಮಾಲು ವಾಪಸ್ ಇಲ್ಲ' ಅಂತ ಸೀಲ್ ಇತ್ತು. ಮಾಲಿನಲ್ಲಿ ದೋಷ ಇದ್ದರೆ ಈ ಸೀಲ್‌ಗೆ ಹೆದರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ಬಿಲ್ಲಿನಲ್ಲಿ ಅವಧಿ ಹೇಳಿರದಿದ್ದರೆ ದೋಷವಿರುವ ಮಾಲನ್ನು 30 ದಿನದೊಳಗೆ ವಾಪಸ್ ತಗೊಳ್ಳಲು ಒಪ್ಪದಿರುವುದು ಅನುಚಿತ ವ್ಯಾಪಾರ. ಬಿಲ್ ಕೊಡದಿರುವುದೂ ಅಷ್ಟೇ. ಸಹಾಯವಾಣಿ 1915. ಆದರೆ 'ನನ್ನ ಆಂಪ್ಲಿಫೈಯರ್‌ಗೆ ಕೂಡಲಿಲ್ಲ' ಅನ್ನೋದನ್ನು ದೋಷ ಅಂತ ಸಾಧಿಸೋದು ಕಷ್ಟ. ಹಾಗಾಗಿ ಆಂಪ್ಲಿಫೈಯರ್ ಮಾಡೆಲ್ ಹೆಸರು, 'ಇದಕ್ಕೆ ಹೊಂದದಿದ್ದರೆ ಪೂರ್ತಿ ಹಣ ವಾಪಸ್' ಅನ್ನುವ ಮಾತು, ಎರಡನ್ನೂ ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಬರೆದು ಕೊಡಲ್ಲ ಅಂದರೆ ದುಡ್ಡು ಕೊಡಬೇಡಿ.

ಸದ್ಯ ನಾನು ಸಬ್‌ವೂಫರ್ ಇಲ್ಲದೇ ಕೇಳ್ತಿದ್ದೇನೆ. ಸ್ಪೀಕರ್‌ಗಳನ್ನು ಹಿಂದಿನ ಗೋಡೆಗೆ ಒಂದಿಷ್ಟು ಹತ್ತಿರ ಸರಿಸಿದ್ದೇನೆ. ಗೋಡೆ ಹತ್ತಿರ ಬಂದಷ್ಟೂ ಬಾಸ್ ತುಸು ದಪ್ಪಗಾಗುತ್ತೆ. ಇದಕ್ಕೆ ಖರ್ಚಿಲ್ಲ. ಅಂಗಡಿಗೆ ಹೋಗೋ ಮೊದಲು ಇದನ್ನೊಮ್ಮೆ ಮಾಡಿ ನೋಡಿ.